ಅಲುಗದ ಮೂರು ಕಾಲು

ತೊಕುಹಿರಾ ಮನೆತನದ ಜಿಂಬೇಯ್, ಎದುರಿನ ಅಕಾನಗಿ ಬೆಟ್ಟ ಜಾರಿ ಹೊಳೆಯನ್ನು ಮುಚ್ಚಿ ಹದಿನೇಳು ಮನೆಗಳನ್ನು ನುಂಗಿದ ವರ್ಷ, ಸತ್ತವರ ಹೆಸರನ್ನು ಒಂದೂ ಬಿಡದೆ ಕಲ್ಲಿನಲ್ಲಿ ಕೊರೆದು ನಮ್ಮೂರ ಒರತೆಯ ಪಕ್ಕ ನಿಲ್ಲಿಸಿದವನು. ಅವನ ಮಗ ಏಯ್ಕಿಚಿ, ಹೆಸರು ಉಳಿದರೂ ಮುಖಗಳು ಉಳಿಯಲಿಲ್ಲವಲ್ಲ ಎಂಬ ಕೊರಗಿನಲ್ಲೇ ಬೆಳೆದು, ಕಣಿವೆಗೆ ಮೊದಲ ಫೋಟೊ ಪೆಟ್ಟಿಗೆಯನ್ನು ಬೆನ್ನ ಮೇಲೆ ಹೊತ್ತು ತಂದು, ಹಾಲು ಕುಡಿಯುವ ಕೂಸಿನಿಂದ ಹಾಸಿಗೆ ಹಿಡಿದ ಮುದುಕರವರೆಗೆ ಪ್ರತಿ ಮನೆಯವರನ್ನೂ ಜಗಲಿಯಲ್ಲಿ ಕೂರಿಸಿ ಚಿತ್ರ ತೆಗೆದವನು. ಏಯ್ಕಿಚಿಯ ಮಗ ತಾಕೆಝೊ, ಯುದ್ಧ ಮುಗಿದು ಹೊಟ್ಟೆಗೆ ಗೆಣಸೂ ಇಲ್ಲದ ದಿನಗಳಲ್ಲಿ ಸಿನಿಮಾ ಯಂತ್ರ ಹೊತ್ತು ಶಾಲೆಯಿಂದ ಶಾಲೆಗೆ ಅಲೆದು, ಅಂಗಳದಲ್ಲಿ ಬಿಳಿ ಬಟ್ಟೆ ಕಟ್ಟಿ ಜನರನ್ನು ನಗಿಸಿದವನು. ಈ ಮೂವರ ಹೊರೆಯೆಲ್ಲ ಕೊನೆಗೆ ಬಂದು ಕೂತದ್ದು ತಾಕೆಝೊನ ಒಬ್ಬಳೇ ಮಗಳು ಕಿಕುನೊಳ ಎಡ ಹೆಗಲ ಮೇಲೆ.

ಇದು ಮಾತಿನ ಚಂದಕ್ಕೆ ಹೇಳಿದ್ದಲ್ಲ. ಅವಳ ಎಡ ಹೆಗಲು ಬಲ ಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ವಿಡಿಯೊ ಕ್ಯಾಮೆರಾ ನಮ್ಮ ಕಡೆ ಕಣ್ಣು ಬಿಟ್ಟ ಹೊಸದರಲ್ಲಿ ಅದು ಒಂದು ಯಂತ್ರವಲ್ಲ, ಎರಡು. ನೋಡುವ ಯಂತ್ರ ಬಲ ಹೆಗಲ ಮೇಲೆ; ನೋಡಿದ್ದನ್ನು ಟೇಪಿಗೆ ತುಂಬಿಕೊಳ್ಳುವ ಕಬ್ಬಿಣದ ಡಬ್ಬಿ ಎಡ ಹೆಗಲಿನಿಂದ ಪಟ್ಟಿಯಲ್ಲಿ ಜೋತು ಬೀಳಬೇಕು. ಕಣಿವೆಯ ಮದುವೆ, ಶಾಲೆಯ ಆಟೋಟ, ಶವಸಂಸ್ಕಾರ ಎಂದು ಅವಳು ಆ ಎರಡನ್ನೂ ಹೊತ್ತು ಕಡಿದಾದ ಮೆಟ್ಟಿಲುದಾರಿಗಳನ್ನು ಹತ್ತಿಳಿದಳು. ಆಮೇಲೆ ಬುತ್ತಿಯಷ್ಟು ಸಣ್ಣ ಕ್ಯಾಮೆರಾಗಳು ಬಂದವು, ಡಬ್ಬಿ ಕೆಳಗಿಳಿಯಿತು, ಹೆಗಲು ಮಾತ್ರ ಮೇಲೇಳಲಿಲ್ಲ. ಮಲಗಿದ ಮಕ್ಕಳ ನಡುವೆ ಹಾದುಹೋಗುವವಳ ಹಾಗೆ ಪಾದವನ್ನು ಮೊದಲು ಊರಿ, ನೆಲವನ್ನು ವಿಚಾರಿಸಿಕೊಂಡು, ಆಮೇಲೆ ಭಾರ ಬಿಡುತ್ತಿದ್ದಳು. ಚಿತ್ರ ತೆಗೆಯುವಾಗ ಉಸಿರು ಕಟ್ಟುವ ಅಭ್ಯಾಸ ಮಾತಿಗೂ ಅಂಟಿತ್ತು. ಏನು ಕೇಳಿದರೂ ಒಳಗೊಳಗೇ ಹತ್ತು ಎಣಿಸಿ, ಆಮೇಲೆ ಬಾಯಿ ತೆರೆಯುವಳು. ಆ ಹತ್ತು ಎಣಿಕೆಯುದ್ದಕ್ಕೂ ಬೆರಳುಗಳ ನಡುವೆ ಲೆನ್ಸಿನ ಕರಿ ಮುಚ್ಚಳ ತಿರುಗುತ್ತಿರುತ್ತಿತ್ತು.

ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆಂದು ಹೊಟ್ಟೆಗೆ ಸುತ್ತಿದ ಉಣ್ಣೆಪಟ್ಟಿಯೊಳಗೆ ಎರಡನ್ನು ಕಾವಿಗೆ ಇಟ್ಟುಕೊಳ್ಳುತ್ತಿದ್ದಳು. ಹುರುಳಿ ಕೊಯ್ಲಿನಲ್ಲಿ ಯಾರೋ ಪಡ್ಡೆ ಹುಡುಗ, “ಎಷ್ಟು ತಿಂಗಳಾಯ್ತು ಅಕ್ಕಾ?” ಎಂದು ಕೆಣಕಿದ. ಅವಳು ಎಣಿಸಿ ಮುಗಿಸಿದಳು. “ಅವಳಿ ಕಣೋ. ಎರಡೂ ನಿನಗಿಂತ ಚುರುಕು.”

ಅವಳು ಧೈರ್ಯವಂತೆ ಎಂದು ಆಮೇಲೆ ಪೇಟೆಯ ಪತ್ರಿಕೆಯವರು ಬರೆದರು. ಅದು ಅವಳನ್ನು ಕಾಣದವರ ಮಾತು. ನಾನು ಕಂಡ ಜೀವಗಳಲ್ಲಿ ಅಷ್ಟು ಹೆದರುವ ಜೀವ ಇನ್ನೊಂದಿಲ್ಲ. ಮಳೆ ಹೊಯ್ದ ಮರುದಿನ ಅನ್ನ ಸೇರುತ್ತಿರಲಿಲ್ಲ. ಒರತೆಯ ಪಕ್ಕದ ಕಲ್ಲಿನ ಹೆಸರುಗಳನ್ನು ಎಳವೆಯಲ್ಲೇ ಬಾಯಿಪಾಠ ಮಾಡಿದ್ದಳಂತೆ. ಅಕಾನಗಿಯತ್ತ ಬೆನ್ನು ಹಾಕಿ ಕೂತು ಅವಳು ಚಹಾ ಕುಡಿದದ್ದನ್ನು ಯಾರೂ ನೋಡಿಲ್ಲ. ಸಣ್ಣ ಕ್ಯಾಮೆರಾ ಬಂದಾಗ ಹಳೆಯದನ್ನು ಡಬ್ಬಿಯ ಸಮೇತ ಬಿಸಾಡದೆ ಇಟ್ಟುಕೊಂಡದ್ದೂ ಆ ಹೆದರಿಕೆಗೇ. ಅದನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಬಿಗಿದು, ತಿರುಪುಗಳ ಮೇಲೆ ಮೇಣ ಕರಗಿಸಿ ಸುರಿದು, ಇನ್ನು ಯಾರೂ ಸಡಿಲಿಸದ ಹಾಗೆ ಮಾಡಿದಳು. ಅಂಗಳದ ಹಾಸುಗಲ್ಲಿನಲ್ಲಿ ಉಳಿಯಿಂದ ಮೂರು ಕುಳಿ ಹೊಡೆಸಿದಳು. ಪ್ರತಿ ತಿಂಗಳ ಮೊದಲ ದಿನ, ಬೆಳಿಗ್ಗೆ ಹತ್ತು ಗಂಟೆಗೆ, ಆ ಕುಳಿಗಳಲ್ಲಿ ಮೂರು ಕಾಲೂರಿ, ಎದುರಿನ ಬೆಟ್ಟವನ್ನು ಒಂದು ಊದುಬತ್ತಿ ಉರಿದು ಮುಗಿಯುವಷ್ಟು ಹೊತ್ತು ತೆಗೆಯುವಳು. ಹದಿನಾಲ್ಕು ವರ್ಷ ಒಂದು ತಿಂಗಳೂ ತಪ್ಪಲಿಲ್ಲ. ಗಂಡ ತೀರಿಕೊಂಡ ತಿಂಗಳಲ್ಲಿ ಶೋಕದ ಕರಿ ಉಡುಗೆಯಲ್ಲೇ ಬಂದು ನಿಂತಿದ್ದಳು.

ಬೆಟ್ಟ ಇವತ್ತು ನಕ್ಕಿತೇ ಎಂದು ಜನ ಕೇಳುವರು. ಅದು ನಿಮ್ಮ ಹಾಗಲ್ಲ, ನಿಲ್ಲು ಎಂದರೆ ನಿಲ್ಲುತ್ತದೆ ಎಂದು ಇವಳು ಹೇಳುವಳು. ಒಳಗಿನ ಕತೆ ಬೇರೆ. ಟೀವಿಯ ಗಾಜಿಗೆ ಒಂದು ಪಾರದರ್ಶಕ ಹಾಳೆ ಅಂಟಿಸಿ, ಮೊದಲ ಟೇಪನ್ನು ಹಾಕಿ, ಅಕಾನಗಿಯ ನೆತ್ತಿಯ ಗೆರೆಯನ್ನು ಮಸಿಯಲ್ಲಿ ಎಳೆದಿದ್ದಳು. ಕೆಳಗಿನ ಮೂಲೆಯಲ್ಲಿ ಅಂಗಳದಂಚಿನ ಕಲ್ಲುತೊಟ್ಟಿಯ ಬಾಯಿಯೂ ಚಿತ್ರದಲ್ಲಿ ಬೀಳುತ್ತಿದ್ದುದರಿಂದ ಅದಕ್ಕೂ ಒಂದು ಗೆರೆ. ತೊಟ್ಟಿ ತನ್ನ ಗೆರೆಯ ಮೇಲೆ ಕೂತರೆ ಕ್ಯಾಮೆರಾ ಅಲುಗಿಲ್ಲ. ಬೆಟ್ಟ ತನ್ನ ಗೆರೆಯ ಮೇಲೆ ಕೂತರೆ ಬೆಟ್ಟ ಅಲುಗಿಲ್ಲ. ಇಷ್ಟೇ ಅವಳ ಶಾಸ್ತ್ರ. ಅದರಲ್ಲಿ ನನಗೂ ಒಂದು ಕುಂದು ಕಾಣಿಸಿರಲಿಲ್ಲ.

ನಾನು ಇಳಿಜಾರಿಗೆ ಕಲ್ಲಿನ ಮೇಲೆ ಕಲ್ಲಿಟ್ಟು ತಡೆಗೋಡೆ ಕಟ್ಟುವವನು. ಯಾರೂ ಕಲಿಸಿದ್ದಲ್ಲ. ಅವಳ ಅಂಗಳ ನಿಂತಿದ್ದು ನನ್ನ ಗೋಡೆಯ ಮೇಲೆ, ಆ ತೊಟ್ಟಿಯನ್ನು ಕೂರಿಸಿದ್ದೂ ನಾನೇ. ಬಿದಿರಿನ ಕೊಳವೆಯಿಂದ ಒರತೆಯ ನೀರು ಅದಕ್ಕೆ ಬಿದ್ದು, ನಾಲ್ಕೂ ಅಂಚಿನಿಂದ ಒಂದೇ ಸಮ ತೆಳ್ಳಗೆ ಚೆಲ್ಲುತ್ತಿತ್ತು.

ಒಂದರ ಹಿಂದೆ ಒಂದು ಆರು ಬಿರುಗಾಳಿ ಮಳೆ ಬಂದ ಆ ವರ್ಷದ ಶರತ್ಕಾಲದಲ್ಲಿ ಬೆಟ್ಟ ಗೆರೆ ಬಿಟ್ಟಿತು. ಮೊದಲ ತಿಂಗಳು ಒಂದು ನೂಲಿನಷ್ಟು ಮೇಲೆ. ಕಣ್ಣು ಮಂಜಾಗಿರಬೇಕೆಂದು ಕನ್ನಡಕ ಒರೆಸಿದಳು. ಮರುತಿಂಗಳು ಒಂದು ಅಕ್ಕಿ ಕಾಳಿನಷ್ಟು. ತೊಟ್ಟಿ ಮಾತ್ರ ತನ್ನ ಗೆರೆಯ ಮೇಲೆ ಮಿಸುಕದೆ ಕೂತಿತ್ತು. ಬೆಟ್ಟ ಜಾರುವ ಮೊದಲು ಒಳಗೆ ನೀರು ಕುಡಿದು ಉಬ್ಬುತ್ತದೆಂದು ಜಿಂಬೇಯ್ ಹೇಳುತ್ತಿದ್ದನಂತೆ. ಅವಳು ಅದನ್ನೇ ನಂಬಿದಳು. ಅಕಾನಗಿಯ ಬುಡದಲ್ಲಿ, ಹೊಳೆಯಾಚೆ, ಮೂರು ಮನೆಗಳಿದ್ದವು. ಹದಿಮೂರು ಜನ, ಅದರಲ್ಲೊಂದು ಇನ್ನೂ ಹಲ್ಲು ಮೂಡದ ಕೂಸು. ಕಿಕುನೊ ಟೀವಿಯನ್ನೇ ಹೊತ್ತುಕೊಂಡು ಹೊಳೆ ದಾಟಿ ಅವರಿಗೆ ತೋರಿಸಿದಳು. ಸರಕಾರಿ ಕಚೇರಿಯವರು ಬಂದು ನೋಡಿ ಬಿರುಕೇನೂ ಇಲ್ಲವೆಂದು ಹೋದರು. ಆದರೂ ಆ ಗೆರೆಯನ್ನು ಕಂಡ ಮೇಲೆ ಯಾರಿಗೂ ಆ ಸೂರಿನ ಕೆಳಗೆ ಕಣ್ಣು ಹತ್ತಲಿಲ್ಲ. ಹದಿಮೂರು ಜನವೂ ಹಾಸಿಗೆ ಸುತ್ತಿಕೊಂಡು ಹೊಳೆಯ ಈಚೆಯ ನಮ್ಮೂರು ಹಿಯುರಾಕ್ಕೆ ಬಂದು, ಕಿಕುನೊಳ ಮನೆಯ ಪಕ್ಕದ, ಊರವರು ಸೇರುವ ಊರಮನೆಯಲ್ಲಿ ಬಿಡಾರ ಹೂಡಿದರು. ಅವರಲ್ಲಿ ಹಿರಿಯಳಾದ ಹಾತ್ಸುನೊ ಅಜ್ಜಿ ಬರುವಾಗಲೇ ಗೊಣಗಿದ್ದಳು, ಎಂಬತ್ತು ವರ್ಷ ನನ್ನ ತಲೆಯ ಮೇಲೆ ಬೀಳದ ಬೆಟ್ಟ ಇವಳ ಟೀವಿಯಲ್ಲಿ ಬಿತ್ತು ಎಂದು.

ಆ ದಿನಗಳಲ್ಲಿ ನಮ್ಮ ಕಡೆಯೂ ಏನೇನೋ ಆಗುತ್ತಿತ್ತು. ಒರತೆಯ ನೀರು ಅಕ್ಕಿ ತೊಳೆದ ಬಣ್ಣಕ್ಕೆ ತಿರುಗಿತ್ತು. ಕಿಕುನೊಳ ಮನೆಯ ಜಾರುಬಾಗಿಲು ಮುಚ್ಚಿದರೆ ತಾನಾಗಿ ತೆರೆದುಕೊಳ್ಳುತ್ತಿತ್ತು. ತೇವದ ಗಾಳಿಗೆ ಮರ ಉಬ್ಬಿದೆ ಎಂದುಕೊಂಡೆವು. ಬಿದಿರು ಮೆಳೆಯೊಳಗೆ ಹಗಲಲ್ಲೇ ಬೇರು ಪಟ್ ಎಂದು ಹರಿಯುವ ಸದ್ದು. ನಾವು ಕೇಳಿದೆವು, ಎದುರಿನ ಬೆಟ್ಟದ ಕಡೆಗೆ ನೋಡಿದೆವು. ಹೆದರಿಕೆಯೆಲ್ಲ ಅತ್ತ ಮುಖ ಮಾಡಿ ನಿಂತಿದ್ದರಿಂದ ಬೆನ್ನ ಹಿಂದೆ ನೋಡುವ ಬುದ್ಧಿ ಒಬ್ಬನಿಗೂ ಬರಲಿಲ್ಲ.

ಹನ್ನೊಂದನೆಯ ತಿಂಗಳ ಮೊದಲ ದಿನ ಟೇಪು ನೋಡಲು ಅವಳು ನನ್ನನ್ನೂ ಕರೆದಳು. ಒಬ್ಬಳೇ ನೋಡಲು ಧೈರ್ಯ ಸಾಲದು ಎಂದಳು. ಬೆಟ್ಟ ಈಗ ಎರಡು ಕಾಳು ಮೇಲಿತ್ತು. ನಾನು ಬೆಟ್ಟ ನೋಡಲಿಲ್ಲ. ಕಸುಬಿನವನ ಕಣ್ಣು ತನ್ನ ಕೆಲಸದ ಮೇಲೇ ಹೋಗುತ್ತದೆ. ನಾನು ತೊಟ್ಟಿ ನೋಡಿದೆ. ನೀರು ಕಣಿವೆಯ ಕಡೆಯ ಅಂಚಿನಿಂದ ಮಾತ್ರ ದಪ್ಪಗೆ ಸುರಿಯುತ್ತಿತ್ತು. ಮನೆಯ ಕಡೆಯ ಅಂಚು ಬತ್ತಿ, ಪಾಚಿ ಒಣಗಿ ಬೆಳ್ಳಗಾಗಿತ್ತು. ತಿಂಗಳುಗಟ್ಟಲೆ ಅದೇ ತೊಟ್ಟಿಯ ಮುಂದೆ ಓಡಾಡಿದವನು ನಾನು.

“ಕಿಕುನೊ, ಬೆಟ್ಟ ಬಿಡು. ನೀರು ಎತ್ತ ಚೆಲ್ತಿದೆ ನೋಡು” ಎಂದೆ.

ಅವಳ ಬೆರಳುಗಳಲ್ಲಿ ಮುಚ್ಚಳ ನಿಂತುಹೋಯಿತು. ತೊಟ್ಟಿಯೂ ಕ್ಯಾಮೆರಾವೂ ಒಂದೇ ಅಂಗಳದಲ್ಲಿ ನಿಂತವು; ಅಂಗಳ ವಾಲಿದರೆ ಎರಡೂ ಒಟ್ಟಿಗೆ ವಾಲಬೇಕು, ಒಂದರ ಕಣ್ಣಿಗೆ ಇನ್ನೊಂದು ಕದಲಿದ್ದು ಕಾಣಲಾರದು. ಎದುರಿನ ಬೆಟ್ಟ ಮೇಲೆದ್ದಿರಲಿಲ್ಲ; ಕ್ಯಾಮೆರಾ ಕಣಿವೆಯ ಕಡೆ ತಲೆ ಬಗ್ಗಿಸಿತ್ತು. ಹತ್ತರ ಮೇಲೆ ಇನ್ನೂ ಹತ್ತು ಎಣಿಸುವಷ್ಟು ಹೊತ್ತು ಕಳೆಯಿತು.

“ಅಲುಗಿದ್ದು ನಾನು,” ಎಂದಳು. “ಆ ಕೂಸನ್ನ ನಾನೇ ಇಲ್ಲಿಗೆ ಕರ್ಕೊಂಡು ಬಂದೆ.”

ಮನೆಯಿಂದ ಊರಮನೆಗೆ ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆಯಲ್ಲಿ ಅವಳು ಮೂರು ಸಲ ಗೋಡೆ ಹಿಡಿದುಕೊಂಡದ್ದನ್ನು ನಾನು ನೋಡಿದೆ. ಒಳಗೆ ಹುರುಳಿ ಗಂಜಿಯ ಹೊತ್ತು. ಊರಿನವರೂ ಬಂದವರೂ ಸೇರಿ ನಲವತ್ತಕ್ಕೆ ಹತ್ತಿರ ಜನ. ಬಾಗಿಲಲ್ಲೇ ಮಂಡಿಯೂರಿ, ಹಣೆ ಚಾಪೆಗೆ ತಾಗಿಸಿ, ತಾನು ತಪ್ಪಿದೆನೆಂದೂ ಬೀಳುವುದು ಅಕಾನಗಿಯಲ್ಲ, ನಾವು ಕೂತಿರುವ ಈ ನೆಲವೆಂದೂ ಈಗಲೇ ಎದ್ದು ಹೊಳೆಯಾಚೆ ಹೋಗಬೇಕೆಂದೂ ಹೇಳಿದಳು. ಯಾರೋ ನಕ್ಕರು. ಹಾತ್ಸುನೊ ಅಜ್ಜಿ ಬಟ್ಟಲು ಕೆಳಗಿಡಲೂ ಇಲ್ಲ.

“ಮೊನ್ನೆ ಆ ಬೆಟ್ಟ ಬೀಳುತ್ತೆ ಅಂದೆ. ಇವತ್ತು ಈ ಬೆಟ್ಟ. ನಾಳೆ ಆಕಾಶಾನಾ ತಾಯಿ? ಹೇಳಿಬಿಡು, ಒಂದೇ ಸಲ ಹಾಸಿಗೆ ಸುತ್ಕೊತೀನಿ.”

ಕಿಕುನೊ ವಾದ ಮಾಡಲಿಲ್ಲ. ಊರಮನೆಯ ನಡುವೆ, ಚಾಪೆಯಿಲ್ಲದ ಹಲಗೆ ನೆಲದ ಮೇಲೆ, ಕೈಯಲ್ಲಿದ್ದ ಲೆನ್ಸಿನ ಮುಚ್ಚಳವನ್ನು ಚಕ್ರದಂತೆ ಅಂಚಿನ ಮೇಲೆ ನಿಲ್ಲಿಸಿ ಬೆರಳು ತೆಗೆದಳು. ಅದು ಒಂದು ಗಳಿಗೆ ಯೋಚಿಸಿತು. ಆಮೇಲೆ ಯಾರೋ ಕರೆದ ಹಾಗೆ ಹೊರಟು, ಗಂಜಿಯ ಬಟ್ಟಲುಗಳ ನಡುವೆ ಉರುಳಿ, ಕಣಿವೆಯ ಕಡೆಯ ಬಾಗಿಲಿಗೆ ಟಕ್ ಎಂದು ಬಡಿದು ಬಿತ್ತು. ಅವಳು ಎತ್ತಿ ತಂದು ಇನ್ನೊಂದು ಸಲ ಬಿಟ್ಟಳು. ಮತ್ತೆ ಅದೇ ಬಾಗಿಲು. ಮೂರನೆಯ ಸಲ ಬಿಡುವಾಗ ಕೂಸಿನ ತಾಯಿ ಎದ್ದು ನಿಂತಿದ್ದಳು. ಯಾರೂ ಕೂಗಲಿಲ್ಲ. ಜೋರಾಗಿ ಮಾತಾಡಿದರೆ ನೆಲಕ್ಕೆ ಕೇಳಿಸೀತೇನೋ ಎಂಬಂತೆ ಎಲ್ಲರೂ ಪಿಸುಗುಟ್ಟುತ್ತ, ತುದಿಗಾಲಲ್ಲಿ, ಅರ್ಧ ಉಂಡ ಗಂಜಿಯನ್ನು ಅಲ್ಲೇ ಬಿಟ್ಟು ಹೊರಬಿದ್ದರು. ಹಾತ್ಸುನೊ ಅಜ್ಜಿಯನ್ನು ನಾನೇ ಬೆನ್ನ ಮೇಲೆ ಹೊತ್ತು ಮೆಟ್ಟಿಲಿಳಿದೆ. ಇಳಿಯುವುದಕ್ಕೆ ಆ ದಾರಿ ಬಿಟ್ಟು ಬೇರೆಯಿರಲಿಲ್ಲ, ಅದರ ಪಕ್ಕದಲ್ಲಿ ನಾನೇ ಕಟ್ಟಿದ ಗೋಡೆ ಬಸುರಿಯ ಹೊಟ್ಟೆಯಂತೆ ಮುಂದಕ್ಕೆ ಬಂದಿತ್ತು. ಅಜ್ಜಿ ನನ್ನ ಕಿವಿಯಲ್ಲಿ, ಗೋಡೆಯಣ್ಣ ಓಡಬೇಡ, ಮೆಲ್ಲಗೆ, ಮೆಲ್ಲಗೆ ಎನ್ನುತ್ತಲೇ ಇದ್ದಳು. ಕೊನೆಯವಳಾಗಿ ಕಿಕುನೊ, ಹದಿನಾಲ್ಕು ವರ್ಷದ ಟೇಪುಗಳನ್ನೆಲ್ಲ ಬಿಟ್ಟು, ಕ್ಯಾಮೆರಾ ಬಿಗಿದ ಆ ಮೂರು ಕಾಲಿನ ಸ್ಟ್ಯಾಂಡನ್ನೂ ಅದರ ಡಬ್ಬಿಯನ್ನೂ ಮಾತ್ರ ಹೆಗಲಿಗೆ ಹೊತ್ತು ಇಳಿದಳು.

ಐದನೆಯ ದಿನ ಬೆಳಿಗ್ಗೆ, ಮಳೆಯಿಲ್ಲದ ತಿಳಿಬಿಸಿಲಲ್ಲಿ, ಹಿಯುರಾ ಹೊರಟಿತು. ಅಕಾನಗಿಯ ಬುಡದ ಬಂಡೆಯ ಮೇಲೆ ನಿಂತು ಅವಳು ಅದನ್ನು ತೆಗೆದಳು. ಆ ಟೇಪನ್ನು ನಾನು ಒಂದೇ ಸಲ ನೋಡಿದ್ದೇನೆ, ಇನ್ನೊಮ್ಮೆ ನೋಡಲಾರೆ. ಮೊದಲು ಪರ್ಸಿಮನ್ ಹಣ್ಣಿನ ಮರಗಳು ನಡೆಯತೊಡಗುತ್ತವೆ. ಬೀಳುವುದಿಲ್ಲ, ಹಣ್ಣು ಹೊತ್ತುಕೊಂಡೇ ನೆಟ್ಟಗೆ, ಸಾಲಾಗಿ ಇಳಿಯುತ್ತವೆ. ಅವುಗಳ ಹಿಂದೆ ಕಿಕುನೊಳ ಸೂರು, ಊರಮನೆಯ ಸೂರು. ಆಮೇಲೆ ಧೂಳು. ಧೂಳೊಳಗೆ ಏನೂ ಕಾಣದಾದ ಮೇಲೂ ಅವಳು ನಿಲ್ಲಿಸದೆ ಹತ್ತು ಎಣಿಸಿದ್ದಾಳೆ. ಒಂದು ಹೆಂಗಸಿನ ಉಸಿರು ಮಾತ್ರ ಕೇಳಿಸುತ್ತದೆ. ಹನ್ನೊಂದು ಮನೆಗಳು ಹೋದವು. ಒರತೆಯ ಕಲ್ಲಿಗೆ ಹೊಸ ಹೆಸರು ಸೇರಲಿಲ್ಲ, ಕಲ್ಲೇ ಉಳಿಯಲಿಲ್ಲ.

ಜೀವಮಾನವೆಲ್ಲ ಗಾಜಿನ ಹಿಂದೆ ಕಣ್ಣಿಟ್ಟು ಕೂತವರು ತಾವು ನಿಂತ ಜಾಗವನ್ನು ಚಿತ್ರದಿಂದ ಹೊರಗಿಡುತ್ತಾರೆ. ಉಳಿದದ್ದೆಲ್ಲ ಕದಲುತ್ತದೆ, ನಾನೊಬ್ಬ ನಿಂತಿದ್ದೇನೆ ಎಂಬುದು ಆ ಕಸುಬಿನ ಬುನಾದಿ. ಗೋಡೆ ಕಟ್ಟುವವರದ್ದೂ ಅದೇ. ತಪ್ಪಿದ್ದು ತಿಳಿದ ಮೇಲೆ ಹೆಚ್ಚಿನವರು ಉಪಕರಣವನ್ನು ಬೈಯುತ್ತಾರೆ, ಮಳೆಯನ್ನು ಬೈಯುತ್ತಾರೆ. ಹೆದರುವ ಜಾತಿಯ ಕೆಲವರು ಮಾತ್ರ ಹಣೆಯನ್ನು ನೆಲಕ್ಕೆ ತಾಗಿಸಿ ಅಲುಗಿದ್ದು ನಾನು ಎನ್ನುತ್ತಾರೆ, ಮರುದಿನ ಮತ್ತೆ ಹೆದರುತ್ತಲೇ ಕೆಲಸಕ್ಕೆ ಹೋಗುತ್ತಾರೆ. ನಲವತ್ತು ಜನ ಇವತ್ತು ಉಸಿರಾಡುತ್ತಿರುವುದು ಅಂಥ ಒಂದು ಹೆದರಿಕೆಯಿಂದ.

ಈಗ ಅವಳಿಗೆ ಎಪ್ಪತ್ತಾರು. ಹೊಳೆಯ ತಿರುವಿನಲ್ಲಿ ಸರಕಾರ ಕಟ್ಟಿಸಿಕೊಟ್ಟ ಸಾಲುಮನೆಯಲ್ಲಿ ನನ್ನ ಮನೆಗೆ ಮೂರನೆಯದು ಅವಳದು. ತಿಂಗಳ ಮೊದಲ ದಿನ ಹತ್ತು ಗಂಟೆಗೆ ಅದೇ ಸ್ಟ್ಯಾಂಡನ್ನು ಹೊತ್ತು ದಿಬ್ಬ ಹತ್ತುತ್ತಾಳೆ. ಚಿತ್ರದ ಮೂಲೆಯಲ್ಲಿ ಬೀಳುವ ಹಾಗೆ ಬಟ್ಟಲ ತುಂಬ ನೀರಿಡುತ್ತಾಳೆ. ಹೋದ ತಿಂಗಳು ಅವಳ ಮಂಡಿ ನಡುಗುವುದನ್ನು ನೋಡಲಾರದೆ, ಕೊಡು ಇಲ್ಲಿ, ದಿಬ್ಬದವರೆಗೆ ನಾನು ಹೊರುತ್ತೇನೆ ಎಂದು ಕೈ ಚಾಚಿದೆ. ಅವಳು ನಿಂತಳು. ಒಂದು ಪಾದ ಊರಿ ನೆಲವನ್ನು ವಿಚಾರಿಸಿಕೊಂಡಳು. ಹತ್ತು ಎಣಿಸಿದಳು.

“ಬೇಡ ಗೋಡೆಯಣ್ಣ. ಇದನ್ನ ಇನ್ನೊಬ್ರ ಕೈಗೆ ಕೊಟ್ರೆ, ಅಲುಗಿದ್ದು ಯಾರು ಅಂತ ನಂಗೆ ಗೊತ್ತಾಗಲ್ಲ.”