ಡೆಲ್ಫೀನಾಳ ಮೂಗು

ನೆಲಮಾಳಿಗೆಯಲ್ಲಿ ಐದನೆಯ ಭರಣಿಯ ಮುಚ್ಚಳ ತೆರೆದು ಡೆಲ್ಫೀನಾ ನಿನ್ನೆಯ ಕಾಗದವನ್ನು ಬಿಡಿಸಿದಳು. ಕಾಗದ ತೇವವಾಗಿತ್ತು. ಮಣ್ಣೊಳಗೆ ಬೆಳೆಯುವ, ಪರಿಮಳಕ್ಕೇ ಬೆಲೆಬಾಳುವ ಟ್ರಫಲ್ ಭರಣಿಯೊಳಗೂ ಬೆವರುವ ಅಣಬೆ. ಆ ಬೆವರನ್ನು ದಿನವೂ ಒರಸಿ ಒಣ ಕಾಗದ ಸುತ್ತದಿದ್ದರೆ ನಾಲ್ಕೇ ದಿನಗಳಲ್ಲಿ ಕೊಳೆಯುತ್ತದೆ. ಪಟ್ಟಣದವರು ಅದನ್ನು ಅಕ್ಕಿಯಲ್ಲಿ ಹೂತಿಡುತ್ತಾರೆ. ಅಕ್ಕಿ ಅದರ ಜೀವವನ್ನೇ ಹೀರಿ ಬೆಂಡಾಗಿಸುತ್ತದೆಂದು ಅವರಿಗೆ ಯಾರು ಹೇಳಬೇಕು? ಅವಳು ಮಣ್ಣಿನ ಬಣ್ಣದ ಆ ಗೆಡ್ಡೆಯನ್ನು ಮೆತ್ತನೆಯ ಬ್ರಷ್ಷಿನಿಂದ ಸವರಿ, ಹೆಬ್ಬೆರಳಿನಿಂದ ಒತ್ತಿ ನೋಡಿ, ಅಭ್ಯಾಸಬಲದಿಂದ ಮೂಗಿಗೆ ಹಿಡಿದಳು. ಕಲ್ಲನ್ನು ಮೂಸಿದಂತಾಯಿತು.

ಫೆಬ್ರವರಿಯ ಜ್ವರ ಅವಳ ವಾಸನೆಯ ಶಕ್ತಿಯನ್ನು ಕೊಂಡೊಯ್ದಿತ್ತು. ಅದನ್ನವಳು ಯಾರಿಗೂ ಹೇಳಿರಲಿಲ್ಲ. ಆಲ್ಬಾ ಊರಿನ ಸುತ್ತಲಿನ ಗುಡ್ಡಗಳಲ್ಲಿ ಜನ ಅವಳನ್ನು ಕರೆಯುತ್ತಿದ್ದುದೇ 'ಮೂಗು' ಎಂದು. ಅವಳ ತಮ್ಮ ಒರೆಸ್ತೆ ನಡೆಸುವ ಊಟದ ಮನೆ ನಿಂತಿದ್ದುದೂ ಟ್ರಫಲ್ ಆರಿಸುವ ಆ ಮೂಗಿನ ಮೇಲೆಯೇ. ಸವೋನಾದ ಕಡಲತೀರದಲ್ಲಿ ವಿಧವೆ ತಂಗಿ ಪಿಯೆರಾ ಅಕ್ಕನಿಗಾಗಿ ಒಂದು ಕೋಣೆಯನ್ನು ಖಾಲಿಯಿಟ್ಟು ವರ್ಷಗಳಿಂದ ಕರೆಯುತ್ತಿದ್ದಳು. ಆ ಮಾತೆತ್ತಿದಾಗಲೆಲ್ಲ ಒರೆಸ್ತೆ ನಗುತ್ತ, "ನಿನ್ನ ಮೂಗು ಸತ್ತ ದಿನ ನಾನೇ ರೈಲು ಹತ್ತಿಸ್ತೀನಿ, ಅಕ್ಕ," ಎನ್ನುತ್ತಿದ್ದ.

ಮೂಗು ಸತ್ತು ಒಂಬತ್ತು ತಿಂಗಳಾಗಿತ್ತು. ಒಂದು ಮಾತು ಹೇಳಿದರೆ ಬಿಡುಗಡೆ. ಆದರೆ ಮೂಗಿಲ್ಲದ ಡೆಲ್ಫೀನಾ ಎಂದರೆ ಯಾರು? ಆ ಪ್ರಶ್ನೆ ಎದುರಾದಾಗಲೆಲ್ಲ ಅವಳು ಮುಂದಿನ ಭರಣಿಗೆ ಕೈಹಾಕುತ್ತಿದ್ದಳು.

ಅಷ್ಟರಲ್ಲಿ, ನಾಯಿಯೊಡನೆ ಕಾಡು ಸುತ್ತಿ ಟ್ರಫಲ್ ಅಗೆದು ತರುವ ಚೆಲೆಸ್ತೀನೊ ನೆಲಮಾಳಿಗೆಗೆ ಇಳಿದು ಬಂದ. ತನ್ನ ನಾಯಿಯ ಜಾಣತನವನ್ನು ಮನಸಾರೆ ಕೊಂಡಾಡುತ್ತ, ಜೇಬಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಬಿಚ್ಚಿಟ್ಟ. ಡೆಲ್ಫೀನಾ ಒತ್ತಿ ನೋಡಿದಳು; ಗಟ್ಟಿಯಾಗಿತ್ತು. ಕಣ್ಣು ಮುಚ್ಚಿ, ಎಂದಿನ ಗಾಂಭೀರ್ಯದಿಂದ ಮೂಸಿದಳು.

"ಜೇನಿನ ವಾಸನೆ. ಐದು ದಿನ ಇಟ್ಟರೂ ಮೋಸವಿಲ್ಲ."

ಚೆಲೆಸ್ತೀನೊನ ನಗು ಅರ್ಧಕ್ಕೇ ನಿಂತಿತು. ಅವನು ಇನ್ನೊಂದು ಜೇಬನ್ನು ಮುಟ್ಟಿ ನೋಡಿಕೊಂಡ; ಒಳ್ಳೆಯ ಟ್ರಫಲ್ ಇದ್ದ ಗಂಟು ಅಲ್ಲೇ ಉಳಿದಿತ್ತು. ಗಂಟುಗಳು ಅದಲುಬದಲಾಗಿದ್ದವು. ಇದು ಹಿಮ ಹೊಡೆದು ಒಳಗೊಳಗೇ ಕೊಳೆತದ್ದು. ಅವಳಿಗೆ ತೋರಿಸಿ ನಗಿಸಲೆಂದೇ ತಂದಿದ್ದ. ಮುಂಜಾವದ ಚಳಿಗೆ ಹೊರಮೈ ಮಾತ್ರ ಬಿಗಿದುಕೊಂಡಿತ್ತು. ಅದರ ನಾತ ಆಗಲೇ ಮೆಟ್ಟಿಲೇರತೊಡಗಿತ್ತು.

"ಯಾವಾಗಿಂದ?" ಎಂದು ಅವನು ಮೆಲ್ಲಗೆ ಕೇಳಿದ.

"ಜ್ವರ ಬಂದಾಗಿಂದ."

"ಒರೆಸ್ತೆಗೆ ಗೊತ್ತಾ?"

ಅವಳು ಇಲ್ಲವೆಂದು ತಲೆಯಾಡಿಸುವಷ್ಟರಲ್ಲಿ ಮೇಲಿನಿಂದ ಒರೆಸ್ತೆಯ ಧ್ವನಿ ಕೇಳಿಸಿತು: "ಏನಕ್ಕ ಇದು, ಕುದುರೆಲಾಯದ ನಾತ? ಚೆಲೆಸ್ತೀನೊ ಬೂಟು ಬಿಚ್ಚಿದ್ನಾ?"

ಡೆಲ್ಫೀನಾಳ ಎದೆ ಒಮ್ಮೆಲೇ ಹಗುರವಾಯಿತು. ಇನ್ನು ತಾನು ಹೇಳಬೇಕಾಗಿಲ್ಲ. ಬೇರೊಬ್ಬರ ಬಾಯಿಂದಲೇ ಅದು ಹೊರಬರುತ್ತದೆ. ಕಡಲಿನ ವಾಸನೆ ತನಗೆ ಸಿಗದಿದ್ದರೇನು, ಸದ್ದು ಕೇಳೀತು. ಹೇಳಿಬಿಡು ಎಂಬಂತೆ ಚೆಲೆಸ್ತೀನೊನತ್ತ ನೋಡಿದಳು. ಆ ನೋಟವನ್ನು ಅವನು ಗುಟ್ಟು ಕಾಪಾಡೆಂಬ ಬೇಡಿಕೆಯೆಂದು ತಿಳಿದ.

"ಕೊಳೆತದ್ದೊಂದನ್ನ ಜೇಬಲ್ಲಿ ಮರೆತಿದ್ದೆ ಕಣಪ್ಪ," ಎಂದು ಕೂಗಿದ. "ಗಂಟು ಬಿಚ್ಚೋಕೂ ಬಿಡದೆ ನಿಮ್ಮಕ್ಕ ಉಗಿದ್ಲು. ಇಂಥ ಮೂಗು ಇನ್ನೆಲ್ಲಿದೆ, ಹೇಳು?"

ಒರೆಸ್ತೆ ಹೆಮ್ಮೆಯಿಂದ ನಕ್ಕು, ತೊರೀನೊದಿಂದ ಮಧ್ಯಾಹ್ನ ಅತಿಥಿಗಳು ಬರುವರೆಂದು ನೆನಪಿಸಿ ಹಿಂತಿರುಗಿದ.

ಚೆಲೆಸ್ತೀನೊ ಅವಳ ಕೈಹಿಡಿದ. ಅವನ ಕಣ್ಣುಗಳು ತೇವವಾಗಿದ್ದವು. "ಹೆದರ್ಬೇಡ, ಡೆಲ್ಫೀನಾ. ಇನ್ಮೇಲೆ ದಿನಾ ಬೆಳಿಗ್ಗೆ ಬರ್ತೀನಿ. ನಾನು ಮೂಸ್ತೀನಿ, ನೀನು ಹೇಳು. ನಾನಿರೋತನಕ ಒಂದು ನರಪಿಳ್ಳೆಗೂ ಗೊತ್ತಾಗಲ್ಲ."

ದೊಡ್ಡ ಉಪಕಾರವಾಯಿತೆಂದು ಅವಳು ಹೇಳಿದಳು. ಕೊಳೆತದ್ದನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟಿ ಅವನ ಕೈಗಿಟ್ಟಳು.

ಮಧ್ಯಾಹ್ನ ತಟ್ಟೆ ಹಿಡಿದು ಮೇಜುಗಳ ನಡುವೆ ಹಾದುಹೋಗುವಾಗ ಅತಿಥಿಯೊಬ್ಬಳು, ವರ್ಷಗಳಿಂದ ಟ್ರಫಲಿನ ಪರಿಮಳ ಹೀರಿಕೊಂಡ ಅವಳ ಉಣ್ಣೆಯ ತೋಳನ್ನು ಮೆಲ್ಲನೆ ಹಿಡಿದಳು. ಅದಕ್ಕೆ ಮುಖವಿಟ್ಟು, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಂಡಳು. ಆಕೆ ಮುಗಿಸುವವರೆಗೂ ಡೆಲ್ಫೀನಾ ತೋಳು ಚಾಚಿ ಅಲುಗಾಡದೆ ನಿಂತಿದ್ದಳು.