ನೋಬಲ್ ಕೌಂಟಿಯ ಹವಾಮಾನ

ಕಿಂಗ್‌ಫಿಷರ್ ಕೌಂಟಿಯಲ್ಲಿ ಗಂಡ ಹೆಂಡತಿ ಬೇರೆ ಬೇರೆ ಕೋಣೆಯಲ್ಲಿ ಮಲಗಿದರೂ ಜನ ತಲೆ ಕೆಡಿಸಿಕೊಳ್ಳುವುದಿಲ್ಲ. ಹಾಸಿಗೆಯ ಪಕ್ಕ ಹವಾಮಾನದ ರೇಡಿಯೋ ಇಲ್ಲ ಅಂದರೆ ಮಾತ್ರ, ಬುದ್ಧಿ ನೆಟ್ಟಗಿದೆಯಾ ಎಂದು ಕೇಳುತ್ತಾರೆ. ಸುಂಟರಗಾಳಿ ಹೇಳಿ ಕೇಳಿ ಬರುವ ನೆಂಟ ಅಲ್ಲವಲ್ಲ. ಒಲೀಟಾಳ ಮನೆಯಲ್ಲಿ ಆ ರೇಡಿಯೋ ಅವಳ ಗಂಡ ವರ್ಲಿನ್‌ನ ದಿಂಬಿನ ಕಡೆಗಿತ್ತು. ಗಂಟೆ ತೋರಿಸುವುದು, ಬೆಳಿಗ್ಗೆ ಎಬ್ಬಿಸುವುದು, ಗಾಳಿ ಎದ್ದರೆ ಕಿವಿ ಹರಿಯುವ ಹಾಗೆ ಕಿರುಚುವುದು, ಎಲ್ಲ ಅದರದೇ ಕೆಲಸ. ಅದನ್ನು ಮುಟ್ಟುವ ಅಧಿಕಾರ ಮಾತ್ರ ವರ್ಲಿನ್ ಒಬ್ಬನದು. "ನೀನು ಯಾವುದೋ ಗುಂಡಿ ಒತ್ತಿ ಎಲ್ಲ ಅಳಿಸಿಹಾಕ್ತೀಯ ಮಾರಾಯ್ತಿ" ಎಂದು ಧೂಳು ಒರೆಸುವುದಕ್ಕೂ ಬಿಡುತ್ತಿರಲಿಲ್ಲ.

ಒಲೀಟಾ ಅದನ್ನು ಗಂಡಸರ ಸಣ್ಣ ಹುಚ್ಚು ಎಂದುಕೊಂಡು ಸುಮ್ಮನಿದ್ದಳು. ಒಬ್ಬರಿಗೆ ಟ್ರ್ಯಾಕ್ಟರ್, ಒಬ್ಬರಿಗೆ ಬಂದೂಕು, ಇವನಿಗೆ ಇದು.

ಈ ವಸಂತದಲ್ಲಿ ರೇಡಿಯೋಗೆ ಕೊನೆಗಾಲ ಬಂತು. ಒಳಗಿನ ಬ್ಯಾಟರಿ ಸೋರಿ ದನಿ ಗೊಗ್ಗರಾಯಿತು, ಅಂಕಿಗಳು ಮಸುಕಾದವು. ಅದೇ ಹೊತ್ತಿಗೆ ವರ್ಲಿನ್ ಕಣ್ಣಿನ ಪೊರೆ ತೆಗೆಸಿಕೊಂಡು, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ. "ಕಣ್ಣು ಸರಿಹೋಗ್ಲಿ, ಹೊಸದು ನಾನೇ ತಂದು ಜೋಡಿಸ್ತೀನಿ" ಎಂದ. ಗಾಳಿಯ ಕಾಲ ಬಾಗಿಲಿಗೇ ಬಂದು ನಿಂತಿರುವಾಗ ಇವನ ಕಣ್ಣಿಗೆ ಯಾರು ಕಾಯುತ್ತಾರೆ? ಶನಿವಾರ ಅವನು ಊಟ ಮಾಡಿ ಒಂದು ನಿದ್ದೆ ತೆಗೆಯುತ್ತಿದ್ದಾಗ ಒಲೀಟಾ ಹಳೆಯ ರೇಡಿಯೋವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕಾರು ಹತ್ತಿದಳು. ಎದ್ದಾಗ ಹೊಸದು ಜೋಡಿಸಿಟ್ಟಿರುವುದನ್ನು ನೋಡಿ ಅವನು ಖುಷಿಪಡಲಿ ಎಂಬುದು ಅವಳ ಆಸೆ.

ಪ್ರತಿ ವಸಂತದಲ್ಲೂ ಊರಿನ ದಿನಸಿ ಅಂಗಡಿಯ ಬಾಗಿಲಲ್ಲಿ ರೇಡಿಯೋ ಕ್ಲಬ್ಬಿನವರು ಮೇಜು ಹಾಕಿಕೊಂಡು ಕೂರುತ್ತಾರೆ. ಕೌಂಟಿ ಅಂದರೆ ಜಿಲ್ಲೆ, ಒಂದೊಂದಕ್ಕೂ ಒಂದೊಂದು ಸಂಖ್ಯೆ. ನೀವು ತುಂಬಿಸಿದ ಕೌಂಟಿಗೆ ಅಪಾಯ ಬಂದರಷ್ಟೇ ರೇಡಿಯೋ ಬಾಯಿ ಬಿಡುತ್ತದೆ. ಆ ಸಂಖ್ಯೆ ತುಂಬಿಸುವುದರಲ್ಲಿ ಅರ್ಧ ಊರು ಎಡವುತ್ತದೆ, ಆದ್ದರಿಂದ ಈ ಮೇಜು. ಒಲೀಟಾ ಒಳಗೆ ಹೊಸದೊಂದನ್ನು ಕೊಂಡು ಮೇಜಿಗೆ ಬಂದಾಗ ಕೂತಿದ್ದವನು ಡಾಯ್ಲ್. ಬಾಯಿ ಜಾಸ್ತಿ, ಕೈ ಚುರುಕು.

"ಇದನ್ನ ಎಲ್ಲಿ ಅಗೆದು ತೆಗೆದ್ರಿ, ಒಲೀಟಾ ಮೇಡಂ?"

"ನಿನ್ನ ಜೋಕು ಮನೇಲಿಟ್ಕೊ. ಹಳೇದ್ರಲ್ಲಿ ಏನೇನಿದೆಯೋ ಅದನ್ನೇ ಹೊಸದಕ್ಕೂ ಹಾಕು, ಅಷ್ಟೇ."

ಡಾಯ್ಲ್ ಹಳೆಯದಕ್ಕೆ ಕರೆಂಟು ಕೊಟ್ಟು, ಗುಂಡಿ ಒತ್ತುತ್ತಾ ಒಂದೊಂದೇ ಓದಿದ. "ಕಿಂಗ್‌ಫಿಷರ್, ನಮ್ಮದು. ಬ್ಲೇನ್, ಕ್ಯಾಡೋ. ಭೇಷ್, ಗಾಳಿ ಬರೋದೇ ಆ ದಿಕ್ಕಿಂದ. ಶೂ ಹಾಕ್ಕೊಳ್ಳೋಕಾದ್ರೂ ಟೈಮ್ ಸಿಗುತ್ತೆ. ಆಮೇಲೆ... ಅರೆ, ಈ ನೋಬಲ್ ಯಾಕೆ?"

"ಯಾಕೆ, ಇರಬಾರದಾ?"

"ಅದು ಈಶಾನ್ಯಕ್ಕಲ್ವಾ? ಅಲ್ಲಿಗೆ ಗಾಳಿ ಹೋಗೋ ಹೊತ್ತಿಗೆ ನಿಮ್ಮನೆ ಚಾವಣಿ ಆಗಲೇ ಹಾರಿಹೋಗಿರುತ್ತೆ. ಇಲ್ಲಿನೋರು ಯಾರೂ ಅದನ್ನ ಹಾಕಿಸ್ಕೊಳ್ಳಲ್ಲ." ಡಾಯ್ಲ್ ನಕ್ಕ. "ಮಕ್ಕಳು ಮೊಮ್ಮಕ್ಕಳು ಆ ಕಡೆ ಇದ್ದೋರು ಬಿಟ್ರೆ. ನಿಮ್ಮೋರು ಯಾರಾದ್ರೂ ಇದ್ದಾರಾ ಅಲ್ಲಿ?"

"ಯಾರೂ ಇಲ್ಲ" ಎಂದಳು ಒಲೀಟಾ. ಹೇಳಿದ ಮೇಲೆ ಆ ಹೆಸರನ್ನು ಪರದೆಯ ಮೇಲೆ ಮತ್ತೊಮ್ಮೆ ಓದಿದಳು.

"ಹಾಗಾದ್ರೆ ತೆಗೆದುಬಿಡ್ಲಾ?"

"ಬೇಡ. ಹೇಗಿತ್ತೋ ಹಾಗೇ ಇರ್ಲಿ."

ಅವಳಿಗಿದ್ದದ್ದು ಒಬ್ಬಳೇ ಮಗಳು, ಮಾರ್ಲಾ. ಆರು ವರ್ಷದ ಹಿಂದೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಅವಳು ಹೊಸ ಗೆಳೆಯನನ್ನು ಕರೆತಂದಿದ್ದಳು. ಒಲೀಟಾಳ ನಾಲಿಗೆಗೆ ಆ ದಿನ ಏನು ಬಂದಿತ್ತೋ, ಅವನೆದುರಿಗೇ "ಇವನೂ ನಿನ್ನನ್ನ ಬಿಟ್ಟು ಹೋಗ್ತಾನೆ ನೋಡ್ತಿರು, ನಿನ್ನ ಹಣೆಬರಹವೇ ಅಷ್ಟು" ಎಂದುಬಿಟ್ಟಳು. ಹಬ್ಬದ ಟರ್ಕಿ ಕೋಳಿಯನ್ನು ಇನ್ನೂ ಕತ್ತರಿಸಿರಲಿಲ್ಲ. ಮಾರ್ಲಾ ಕೋಟು ತೆಗೆದುಕೊಂಡು ಹೊರಟವಳು ಮತ್ತೆ ಹೊಸ್ತಿಲು ತುಳಿಯಲಿಲ್ಲ. ಫೋನ್ ನಂಬರ್ ಬದಲಾಯಿತು, ಮನೆ ಬದಲಾಯಿತು. ಒಲೀಟಾ ಕೇಳದ ನೆಂಟರಿಲ್ಲ. ವರ್ಲಿನ್‌ನನ್ನು ಕೇಳಿದಾಗಲೆಲ್ಲ ಅವನು ಕೈ ಚೆಲ್ಲುತ್ತಿದ್ದ: "ನನಗೆ ಗೊತ್ತಿದ್ರೆ ಹೇಳ್ತಿರಲಿಲ್ವಾ?"

ಅವರ ಚರ್ಚಿನಲ್ಲಿ ಬುಧವಾರ ಸಂಜೆ ಪಾಸ್ಟರ್ ಒಬ್ಬೊಬ್ಬರನ್ನೇ ಕೇಳುತ್ತಾರೆ, ಈ ವಾರ ಯಾರಿಗೋಸ್ಕರ ಪ್ರಾರ್ಥಿಸಬೇಕು ಎಂದು. ಒಬ್ಬರಿಗೆ ಮಂಡಿನೋವು, ಒಬ್ಬರ ತಮ್ಮನಿಗೆ ಕುಡಿತ. ಒಲೀಟಾ ಪ್ರತಿ ವಾರ ಕೈ ಎತ್ತಿ ಒಂದೇ ಹೆಸರು ಹೇಳುತ್ತಿದ್ದಳು. ಪಾಸ್ಟರ್ "ಮಾರ್ಲಾ ಎಲ್ಲೇ ಇರಲಿ, ದೇವರೇ, ಅವಳನ್ನು ಕಾಪಾಡು" ಎನ್ನುವಾಗ ವರ್ಲಿನ್ ಅವಳ ಕೈ ಹಿಡಿದುಕೊಂಡು ಎಲ್ಲರಿಗಿಂತ ಹೆಚ್ಚು ತಲೆ ಬಗ್ಗಿಸುತ್ತಿದ್ದ. ಆ ಹಿಡಿತ ಒಂದರಿಂದಲೇ ತಾನು ಬದುಕಿದ್ದೇನೆ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು.

ಮನೆಗೆ ಬಂದಾಗ ವರ್ಲಿನ್ ಎದ್ದಿದ್ದ. ಖುಷಿಪಡುವುದು ಹಾಗಿರಲಿ, ಅವನ ಮುಖ ಕಪ್ಪಿಟ್ಟಿತು. "ಯಾರು ಜೋಡಿಸಿದ್ದು? ಹಳೇದೆಲ್ಲಿ?" ಎನ್ನುತ್ತಾ ಡಬ್ಬಿಯನ್ನು ಕಿತ್ತುಕೊಂಡೇ ಕೋಣೆಗೆ ಹೋದ. ಒಗೆದ ಬಟ್ಟೆಯ ಬುಟ್ಟಿ ಹಿಡಿದು ಒಲೀಟಾ ಬಾಗಿಲಲ್ಲಿ ನಿಂತಳು. ಅವನು ಇದ್ದೊಂದು ಕಣ್ಣನ್ನು ಪರದೆಗೆ ಅಂಟಿಸಿಕೊಂಡು ಗುಂಡಿ ಒತ್ತುತ್ತಾ ಹೋದ. ಕಿಂಗ್‌ಫಿಷರ್. ಬ್ಲೇನ್. ಕ್ಯಾಡೋ. ನೋಬಲ್. ಆಮೇಲೆ ಅವನ ಭುಜ ಸಡಿಲವಾಯಿತು. "ಪರವಾಗಿಲ್ಲ, ಚೆನ್ನಾಗೇ ಹಾಕಿದಾನೆ" ಎಂದ.

ದಾರಿಯುದ್ದಕ್ಕೂ ಗಂಡನ ಪರವಾಗಿ ಅವಳು ಹುಡುಕಿಕೊಂಡು ಬಂದ ನೆಪಗಳೆಲ್ಲ ಅಲ್ಲೇ ಸತ್ತವು.

ಆದರೂ ಅವಳು ಕೇಳಲಿಲ್ಲ. ಅವನ ಬಾಯಿಂದಲೇ ಬರಲಿ ಎಂದು ಕಾದಳು. ಭಾನುವಾರ ಊಟಕ್ಕೆ ಕೂತಾಗ ಒಂದು ದಾರಿಯನ್ನೂ ಮಾಡಿಕೊಟ್ಟಳು. "ಆ ಡಾಯ್ಲ್ ಏನೋ ನೋಬಲ್ ಗೀಬಲ್ ಅಂತಿದ್ದ."

"ಓ, ಅದಾ?" ವರ್ಲಿನ್ ಮೆಕ್ಕೆಜೋಳದ ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದ. "ಅದು ಕಾರ್ಖಾನೆಯಿಂದಲೇ ಬಂದಿರುತ್ತೆ."

ಬೆಣ್ಣೆ ಆಚೀಚೆ ಆಗಲಿಲ್ಲ. ಎಷ್ಟು ಪಳಗಿದ ಸುಳ್ಳುಗಾರನ ಜೊತೆ ಸಂಸಾರ ಮಾಡಿದೆ ಎಂದುಕೊಂಡಳು. ಹಳೆಯದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಆಕಾಶ ತಿಳಿಯಾಗಿದ್ದಾಗಲೂ ರೇಡಿಯೋ ಕಿರುಚಿದ್ದುಂಟು. ದನಿ ಕೌಂಟಿಯ ಹೆಸರು ಹೇಳುವ ಮೊದಲೇ ಅವನು ತಟ್ಟನೆ ಅದರ ಬಾಯಿ ಮುಚ್ಚಿಸಿ, "ಇದಕ್ಕೆ ತಲೆ ಕೆಟ್ಟಿದೆ, ನೀನು ಮಲಗು" ಎಂದು ಫೋನ್ ಹಿಡಿದು ಹಿತ್ತಿಲ ಜಗಲಿಗೆ ಹೋಗುತ್ತಿದ್ದ. ಮೋಡ ನೋಡಲು ಅಂತೆ. ಮೀನು ಹಿಡಿಯಲು ಹೋಗಿ ಇಡೀ ದಿನ ಕಳೆದು ಬರಿಗೈಯಲ್ಲಿ ಬರುತ್ತಿದ್ದ. "ನಿನ್ನ ಕಂಡ್ರೆ ಮೀನಿಗೂ ಆಗಲ್ಲ" ಎಂದು ಅವಳು ನಗುತ್ತಿದ್ದಳು. ಅವನೂ ನಗುತ್ತಿದ್ದ.

ಮಂಗಳವಾರ ಸಂಜೆ ಆಲಿಕಲ್ಲು ಬಿತ್ತು. ಕಿಂಗ್‌ಫಿಷರ್‌ಗೆ ಅಷ್ಟರಲ್ಲೇ ಮುಗಿಯಿತು. ಮೋಡ ಗುಡುಗುತ್ತಾ ಈಶಾನ್ಯಕ್ಕೆ ಸರಿಯಿತು, ಹಿಂದೆ ಹಳದಿ ಬಿಸಿಲು ಬಂತು. ಒಲೀಟಾ ಬೀನ್ಸ್ ಬಡಿಸುತ್ತಿದ್ದಾಗ ಕೋಣೆಯಲ್ಲಿ ರೇಡಿಯೋ ಕಿರುಚಿತು. ಅದರ ಬಾಯಿ ಮುಚ್ಚಿಸಲು ಈ ಸಲ ಹತ್ತಿರ ಯಾರೂ ಇರಲಿಲ್ಲ. ಯಂತ್ರದ ದನಿ ಸ್ಪಷ್ಟವಾಗಿ ಹೇಳಿತು: ನೋಬಲ್ ಕೌಂಟಿಯಲ್ಲಿ ಸುಂಟರಗಾಳಿ, ಕೂಡಲೇ ಆಸರೆಗೆ ಹೋಗಿ.

ವರ್ಲಿನ್‌ನ ಚಮಚ ತಟ್ಟೆಗೆ ಬಿತ್ತು.

"ಕೂತ್ಕೊ" ಎಂದಳು ಒಲೀಟಾ. "ನಮ್ಮದಲ್ಲವಲ್ಲ. ಕಾರ್ಖಾನೆಯಿಂದ ಬಂದಿದ್ದು."

ಅವನು ಕೂರಲಿಲ್ಲ. ಜಾಲರಿ ಬಾಗಿಲು ದೂಡಿಕೊಂಡು ಜಗಲಿಗೆ ಓಡಿದ. ಅವಳು ಬೀನ್ಸಿನ ಪಾತ್ರೆ ಹಿಡಿದುಕೊಂಡೇ ಕೇಳಿಸಿಕೊಂಡಳು. "ಮಾರ್ಲಾ, ಮಗೂನ ಎತ್ಕೊ. ಬೂಟು ಗೀಟು ಹುಡುಕ್ತಾ ನಿಲ್ಲಬೇಡ. ನೆಲಮಾಳಿಗೆಗೆ ಇಳೀರಿ, ಇಳೀರಿ ಅಂದೆ!"

ಮಗು. ಒಲೀಟಾ ಪಾತ್ರೆಯನ್ನು ಎಲ್ಲಿ ಇಟ್ಟಳೋ ಅವಳಿಗೇ ಗೊತ್ತಿಲ್ಲ.

ಅವನು ಒಳಗೆ ಬಂದಾಗ ಅವಳು ರೇಡಿಯೋದ ಮುಂದೆ ಹಾಸಿಗೆಯ ಮೇಲೆ ಕೂತಿದ್ದಳು. "ಇಳಿದ್ರಾ?" ಎಂದು ಮೊದಲು ಅದನ್ನೇ ಕೇಳಿದಳು.

"ಇಳಿದ್ರು."

"ಮಗು?"

"ಹೆಣ್ಣು. ನಾಲ್ಕು ವರ್ಷ."

"ನೀನು ನೋಡಿದೀಯಾ?"

"ಎತ್ತಿ ಆಡಿಸಿದೀನಿ." ಅವನು ಗೋಡೆಗೆ ಒರಗಿದ. "ಅವಳು ನನ್ನ ಹತ್ರ ಮಾತು ತಗೊಂಡ್ಲು ಒಲೀಟಾ. ನಿನಗೆ ಹೇಳಿದ್ರೆ ನನ್ನ ಮುಖಾನೂ ನೋಡಲ್ಲ ಅಂದ್ಲು. ಇಬ್ಬರೂ ಕಳ್ಕೊಳ್ಳೋ ಬದಲು ಒಬ್ಬರಿಗಾದ್ರೂ ಸಿಗ್ಲಿ ಅಂತ..."

"ಆ ಒಬ್ಬ ನೀನೇ ಆದೆ."

ಅವನು ಗೋಡೆ ಬಿಟ್ಟು ಬಂದು ಅವಳ ಪಕ್ಕ ಕೂತ.

"ಮಗಳು ಹೋಗಿದ್ದು ನನ್ನ ಹಾಳು ನಾಲಿಗೆಯಿಂದ, ಒಪ್ಕೊಂಡೆ. ಅವಳು ಹೇಳದಿದ್ರೆ ಬೇಡ, ಅವಳಿಗೆ ಸಿಟ್ಟು. ನಿನಗೇನಾಗಿತ್ತು? ಎಲ್ಲಿದಾಳೆ ಅಂತ ಹೇಳೋದು ಬೇಡವಾಗಿತ್ತು, ಬದುಕಿದಾಳೆ ಅಂದಿದ್ರೆ ಸಾಕಾಗಿತ್ತಲ್ಲೋ! ಅದು ಬಿಟ್ಟು ನನ್ನ ಕೈ ಹಿಡ್ಕೊಂಡು ತಲೆ ಬಗ್ಗಿಸಿ ಕೂರ್ತಿದ್ದೆಯಲ್ಲ?"

"ನಾನು ನಿಜವಾಗ್ಲೂ ಪ್ರಾರ್ಥನೆ ಮಾಡ್ತಿದ್ದೆ."

"ಯಾವ ದೇವರಿಗೆ?"

ರೇಡಿಯೋ ಮತ್ತೆ ಮತ್ತೆ ಅದನ್ನೇ ಹೇಳುತ್ತಿತ್ತು. ಕಂಡರಿಯದ ಒಂದು ಮಗುವಿಗಾಗಿ ಒಲೀಟಾ ಒಂದೊಂದು ಮಾತಿಗೂ ಕಿವಿಗೊಟ್ಟಳು. ಪಕ್ಕದಲ್ಲಿ ಕೂತವನ ಮುಖ ನೋಡಲು ಅಸಹ್ಯವಾಗುತ್ತಿತ್ತು. ಎದ್ದು ಹೋಗುವ ಹಾಗೂ ಇರಲಿಲ್ಲ. ಕೊನೆಗೆ ಎಚ್ಚರಿಕೆ ಮುಗಿದು ರೇಡಿಯೋ ಬರೀ ಗಂಟೆ ತೋರಿಸತೊಡಗಿದಾಗ ಅವನ ಫೋನು ಸಣ್ಣಗೆ ಸದ್ದು ಮಾಡಿತು. ಅವನು ಓದಿ ಕಣ್ಣು ಒರೆಸಿಕೊಂಡ. ಅವಳು ಕಿತ್ತುಕೊಂಡು ಓದಿದಳು.

"ಎಲ್ಲರೂ ಕ್ಷೇಮ ಅಪ್ಪಾ. ಕೊಟ್ಟಿಗೆಯ ತಗಡು ಹೋಯಿತು, ಅಷ್ಟೇ. ಅಮ್ಮನಿಗೆ ಗೊತ್ತಾಗದ ಹಾಗೆ ನೋಡಿಕೋ."

ಫೋನನ್ನು ಹಾಸಿಗೆಯ ಮೇಲಿಟ್ಟು ಅವಳು ಅಡುಗೆಮನೆಗೆ ಹೋದಳು. ತಣ್ಣಗಾದ ಬೀನ್ಸನ್ನು ಯಾರೂ ತಿನ್ನಲಿಲ್ಲ.

ಮರುದಿನ ಬುಧವಾರ. ಚರ್ಚಿಗೆ ಒಂದೇ ಕಾರಿನಲ್ಲಿ ಹೋದರು, ಎಂದಿನ ಬೆಂಚಿನಲ್ಲೇ ಕೂತರು. ಮಂಡಿನೋವು ಬಂತು, ಕುಡುಕ ತಮ್ಮ ಬಂದ. ಒಲೀಟಾ ಕೈ ಎತ್ತಲಿಲ್ಲ. ಮರೆತಿರಬೇಕು ಎಂದುಕೊಂಡು ಪಾಸ್ಟರ್ ತಾವೇ ನೆನಪಿಸಿಕೊಂಡರು. "ಹಾಗೇ ನಮ್ಮ ಸಿಸ್ಟರ್ ಒಲೀಟಾ ಅವರ ಮಗಳು ಮಾರ್ಲಾಗಾಗಿ. ಅವಳು ಎಲ್ಲೇ ಇರಲಿ..."

ವರ್ಲಿನ್‌ನ ತಲೆ ಅಭ್ಯಾಸಬಲದಿಂದ ಬಗ್ಗಿತು. ಅವನ ಕೈ ಅಭ್ಯಾಸಬಲದಿಂದಲೇ ಅವಳ ಕೈ ಹುಡುಕಿತು. ಒಲೀಟಾ ಕೈ ಕೊಡವಿ ಎದ್ದು ನಿಂತಳು.

"ನೋಬಲ್ ಕೌಂಟಿಯಲ್ಲಿದಾಳೆ, ಪಾಸ್ಟರ್" ಎಂದಳು. ಮುಂದಿನ ಬೆಂಚಿನವರು ತಿರುಗಿ ನೋಡಿದರು. "ದೇವರಿಗೆ ಮೊದಲೇ ಗೊತ್ತಿತ್ತು. ನನ್ನ ಗಂಡನಿಗೂ ಗೊತ್ತಿತ್ತು. ನಾನೊಬ್ಬಳೇ ಕೇಳ್ತಾ ಇದ್ದೆ."