ಯಾವ ಹೂಂ?

ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಬಟ್ಟೆ ಹೊಲಿಯುವವಳಿಗೆ ಮಾತಾಡಲು ಪುರುಸೊತ್ತೆಲ್ಲಿ? ಗಿರಾಕಿ ತೋಳು ಉದ್ದ ಅಂದರೂ ಹೂಂ, ಗಿಡ್ಡ ಅಂದರೂ ಹೂಂ. ಬೀದಿಯವರೆಲ್ಲ ಅವಳನ್ನು ಹೂಂ ಅಕ್ಕ ಅಂತಲೇ ಕರೆಯುತ್ತಿದ್ದರು. ಆ ಹೂಂ ಒಂದು ದಿನ ಕುತ್ತಿಗೆಗೇ ಬರುತ್ತದೆಂದು ಯಾರು ಕಂಡಿದ್ದರು!

ಮನೆ ಮಾಲೀಕ ಕೇಸು ಹಾಕಿದ್ದ. ಬಾಡಿಗೆ ಬಾಕಿ, ಗೋಡೆ ಹಾಳು, ಮನೆ ಖಾಲಿ ಮಾಡಿಸಿ ಅಂತ. ಬಾಡಿಗೆಯನ್ನು ಅವಳು ತಿಂಗಳು ತಪ್ಪದೆ ಅವನ ಕೈಗೇ ಕೊಟ್ಟಿದ್ದಳು. ರಸೀದಿ ಕೇಳಿದರೆ ಮಹಾರಾಯ ಪೇಪರಿನಿಂದ ತಲೆ ಎತ್ತದೆ ಹೂಂ ಅಂದು ಸುಮ್ಮನಾಗುತ್ತಿದ್ದ. ಗೋಡೆ ಕೊರೆದದ್ದು ನಿಜ. ಅಮ್ಮನ ಕಣ್ಣು ಹೋದಮೇಲೆ ಮಂಚದಿಂದ ಬಚ್ಚಲವರೆಗೆ ಹಿಡಿದು ನಡೆಯಲಿ ಅಂತ ಒಂದು ಪೈಪು ಕೂರಿಸಿದ್ದಳು, ಅದೂ ಅವನನ್ನು ಕೇಳಿಯೇ. ಆಗಲೂ ಹೂಂ ಅಂದಿದ್ದ. ಆ ಮನೆ ಬಿಟ್ಟರೆ ಅಮ್ಮನಿಗೆ ಬೇರೆಲ್ಲೂ ಹೆಜ್ಜೆ ಇಡಲು ಬಾರದು. ಇದು ಹೋದರೆ ಅಮ್ಮ ಹಾಸಿಗೆ ಹಿಡಿದಂತೆಯೇ.

ಕೋರ್ಟಿನಲ್ಲಿ ಮೊದಲು ಮಾಲೀಕನ ಸರದಿ. ಅಕ್ಕನ ವಕೀಲರು ಪೈಪಿನ ಮಾತು ಎತ್ತಿದಾಗ ಅವನ ಮುಖದ ಒಂದು ಗೆರೆಯೂ ಅಲುಗಲಿಲ್ಲ. "ಹೂಂ ಅಂದಿರಬಹುದು ಸಾರ್. ಕೇಳಿಸ್ತು ಅಂತ ಅಂದೆ, ಒಪ್ಪಿದೆ ಅಂತಲ್ಲ." ಟೈಪಿಸ್ಟ್ ಅದನ್ನು ಹಾಗೇ ಹೊಡೆದಳು.

ಆಮೇಲೆ ಅಕ್ಕನನ್ನು ಕಟಕಟೆಗೆ ಕರೆದರು. "ಹೌದು, ಇಲ್ಲ ಅಂತ ಬಾಯಿಬಿಟ್ಟು ಹೇಳಿ, ಅಕ್ಕ" ಎಂದು ವಕೀಲರು ಬಡಕೊಂಡದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

"ನಿಮ್ಮ ಹತ್ರ ರಸೀದಿ ಇಲ್ಲ," ಅಂದ ಮಾಲೀಕನ ವಕೀಲ.

"ಹೂಂ."

"ಅಂದ್ರೆ ಬಾಡಿಗೆ ಕೊಟ್ಟೇ ಇಲ್ಲ."

"ಹೂಂ..."

"ಯಾರನ್ನೂ ಕೇಳದೆ ಗೋಡೆ ಹಾಳು ಮಾಡಿದ್ರಿ."

"ಹೂಂ..."

ಇನ್ನೇನು ಕೇಳುತ್ತಾನೋ ಎಂದು ಹೆದರಿ ಕೇಳಿಸಿಕೊಳ್ಳುತ್ತಿದ್ದಳು ಪಾಪ, ಅಷ್ಟೇ! ಟೈಪಿಸ್ಟ್ ಮಾತ್ರ ಎಲ್ಲಕ್ಕೂ ‘ಸರಿ’ ಎಂದು ಹೊಡೆದು, ಓದಿ ಹೇಳಿ, ಸಹಿಗೆ ಪೆನ್ನು ಚಾಚಿದಳು. ಯಾವುದೋ ಗುರುತಿಲ್ಲದ ಗೋಡೆಯ ಮೇಲೆ ಅಮ್ಮನ ಕೈ ತಡಕಾಡುವುದು ಅಕ್ಕನ ಕಣ್ಣಿಗೆ ಕಟ್ಟಿತು.

"ಸ್ವಾಮಿ, ನಾನು ಒಪ್ಪಿಲ್ಲ! ಅವರು ಹೂಂ ಅಂದ್ರೆ ಕೇಳಿಸ್ತು ಅಂತ ಬರ್ಕೊಂಡ್ರಿ. ನಾನು ಅಂದ್ರೆ ಒಪ್ಕೊಂಡೆ ಅಂತ ಹೇಗಾಯ್ತು? ನಂದೂ ಅದೇ ಹೂಂ!" ಅನ್ನುವಷ್ಟರಲ್ಲಿ ಅಳು ಬಂದುಬಿಟ್ಟಿತು.

ನ್ಯಾಯಾಧೀಶರು ಕನ್ನಡಕ ತೆಗೆದು ಅವಳನ್ನು ನೋಡಿದರು. ಮಾಲೀಕನನ್ನೂ ನೋಡಿದರು.

"ಹೂಂ," ಅಂದರು.

ಟೈಪಿಸ್ಟಳ ಬೆರಳು ಅಲ್ಲೇ ನಿಂತಿತು. ಅಯ್ಯೋ ದೇವರೇ, ಇದು ಯಾವ ಹೂಂ? ಅಕ್ಕ ತನ್ನ ವಕೀಲರ ಮುಖ ನೋಡಿದಳು. ಅವರಿಗೂ ಗೊತ್ತಾಗಿರಲಿಲ್ಲ. ನ್ಯಾಯಾಧೀಶರು ತೀರ್ಪಿಗೆ ತಾರೀಖು ಕೊಟ್ಟು ಮುಂದಿನ ಕೇಸು ಕರೆದರು.

ಮನೆಯಲ್ಲಿ ಅಮ್ಮ ಪೈಪು ಹಿಡಿದುಕೊಂಡೇ ಕಾಯುತ್ತಿದ್ದಳು. "ಬಂದ್ಯೇನೇ? ಮನೆ ನಮಗೇ ಉಳಿಯುತ್ತಂತಾ?"

ಅಕ್ಕ ಬಾಯಿ ತೆರೆದಳು.

"ಹೂಂ," ಅಂದಳು.

ಅಮ್ಮ ನಕ್ಕು, ಪೈಪಿನುದ್ದಕ್ಕೂ ಕೈ ಸವರುತ್ತ ಬಚ್ಚಲಿಗೆ ನಡೆದಳು.